ಇಪ್ಪತ್ಮೂರನೆಯ ಮೆಟ್ಟಿಲು

ಅನಂತಕೃಷ್ಣನ ಕೋಣೆಯ ಬಾಗಿಲು ಮುಚ್ಚಿ ಮೂರನೆಯ ದಿನಕ್ಕೆ ಸರೋಜ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಬಾಗಿಲ ಹೊರಗೆ ಕೂತಳು. ಮೂಗಿನ ಮೇಲೆ ಕನ್ನಡಕ ಏರಿಸಿ, ತೊಡೆಯ ಮೇಲೆ ಬಣ್ಣದ ಕರಪತ್ರ ಬಿಡಿಸಿ, ಗಂಡನನ್ನು ರಷ್ಯಾಕ್ಕೆ ಕರೆದೊಯ್ಯಲು ಸಿದ್ಧಳಾದಳು.

ಅವಳೇನೂ ರಷ್ಯಾದ ಹುಚ್ಚಿನವಳಲ್ಲ. ಹುಚ್ಚು ಒಳಗಿದ್ದವನದು. ಮೈಸೂರಿನಿಂದ ಪರದೇಶಕ್ಕೆ ಬಂದು ಮೂವತ್ತೊಂದು ವರ್ಷ ಕ್ಲಾಂಗ್ ಬಂದರಿನ ಒಂದು ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಕೂತು, ಬರುವ ಹೋಗುವ ಹಡಗುಗಳಿಗೆಲ್ಲ ಕಾಗದಪತ್ರ ಮಾಡಿದ ಮನುಷ್ಯ ಒಂದು ಸಲವೂ ಹಡಗಿನಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಏಣಿ ಹತ್ತಿ ಕ್ಯಾಪ್ಟನ್ನನ ಸಹಿ ಹಾಕಿಸಿಕೊಂಡು, ಒಂದು ಲೋಟ ಚಹಾ ಕುಡಿದು, ಏಣಿ ಇಳಿದು ಬರುವುದು. ಅಷ್ಟೇ ಅವನ ಸಮುದ್ರಯಾನ. ನಿವೃತ್ತನಾದ ವರ್ಷ ಎಲ್ಲಿಂದಲೋ ಈ ಕರಪತ್ರ ಹಿಡಿದುಕೊಂಡು ಬಂದ. ವೋಲ್ಗಾ ನದಿಯ ಮೇಲೆ ಹಡಗಿನಲ್ಲಿ ಆರು ದಿನ, ದಿನಕ್ಕೊಂದು ಹಳೆಯ ಊರು. ಎರಡು ಸಾವಿರದ ಇಪ್ಪತ್ತರ ಮೇ ತಿಂಗಳಿಗೆ ಟಿಕೆಟ್ಟೂ ಆಗಿತ್ತು.

"ಆ ಚಳೀಲಿ ಏನಿದೆ ಅಂತ ಹೋಗೋದು? ಚರ್ಚು ನೋಡ್ಬೇಕು ಅಂದ್ರೆ ಇಲ್ಲೇ ಇದೆ, ಬಸ್‌ಸ್ಟಾಪ್ ಪಕ್ಕ," ಎಂದು ಸರೋಜ ಗೊಣಗಿದ್ದಳು. ಹಾಗೆಂದು ಚಟ್ನಿಪುಡಿ ಮಾಡದೆ ಬಿಡಲಿಲ್ಲ, ಗೊಜ್ಜವಲಕ್ಕಿಗೆ ಪುಡಿ ಕುಟ್ಟದೆ ಬಿಡಲಿಲ್ಲ. ಐದನೆಯ ಊರಿನಲ್ಲಿ ದಂಡೆಯಿಂದ ಕೋಟೆಯವರೆಗೆ ಐನೂರ ಅರವತ್ತು ಮೆಟ್ಟಿಲು ಇವೆಯೆಂದು ಕರಪತ್ರದಲ್ಲಿ ಓದಿದಾಗ ಮಾತ್ರ ಅವಳ ಮುಖ ಸ್ವಲ್ಪ ಅರಳಿತ್ತು. ಮೈಸೂರಿಗೆ ಹೋದಾಗಲೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಅವರಿಬ್ಬರ ಪದ್ಧತಿ. ಅವನು ಮುಂದೆ ಗಟ್ಟಿಯಾಗಿ ಎಣಿಸುತ್ತ ಹೋಗುತ್ತಾನೆ, ಇವಳು ಹಿಂದೆ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಇಡುತ್ತ ಬರುತ್ತಾಳೆ. ಲೆಕ್ಕ ತಪ್ಪುವುದು ಅವನಿಗೆ ಆಗದು, ಮೆಟ್ಟಿಲು ಬಿಡುವುದು ಇವಳಿಗೆ ಆಗದು. ಹಾಗಾಗಿ ರಷ್ಯಾದ ಪೆಟ್ಟಿಗೆಯಲ್ಲಿ ಉಣ್ಣೆಯ ಕಾಲುಚೀಲಗಳ ನಡುವೆ ಒಂದು ಕುಂಕುಮದ ಭರಣಿಯೂ ಸೇರಿತು.

ಮಾರ್ಚಿನಲ್ಲಿ ಊರಿಗೆಲ್ಲ ಬೀಗ ಬಿತ್ತು. ಪೆಟ್ಟಿಗೆ ಬಿಚ್ಚಬೇಡ ಎಂದು ಅನಂತಕೃಷ್ಣ ಹೇಳಿದ. ಅದು ಮಂಚದ ಕೆಳಗೆ ಹಾಗೆಯೇ ಕೂತು ಒಂದು ವರ್ಷ ದಾಟಿತು. ಇಪ್ಪತ್ತೊಂದರ ಜುಲೈಯಲ್ಲಿ ಎರಡನೆಯ ಸಲ ಬೀಗ ಬಿದ್ದಾಗ, ಹಾಲು ತರಲು ಹೋದಲ್ಲಿಯೋ ಲಸಿಕೆಯ ಸಾಲಿನಲ್ಲಿಯೋ ಅವನಿಗೆ ಕಾಯಿಲೆ ಅಂಟಿಕೊಂಡಿತು. ಸರೋಜಳಿಗೆ ಅಂಟಲಿಲ್ಲ. ಜ್ವರ ಹೆಚ್ಚಿಲ್ಲ, ಮನೆಯಲ್ಲೇ ಹತ್ತು ದಿನ ಬೇರೆ ಇರಲಿ ಎಂದು ಕ್ಲಿನಿಕ್ಕಿನವರು ಅವನ ಮಣಿಕಟ್ಟಿಗೆ ಗುಲಾಬಿ ಪಟ್ಟಿ ಕಟ್ಟಿ ಕಳಿಸಿದರು. ಬೆರಳಿಗೆ ಸಿಕ್ಕಿಸಿಕೊಂಡು ಉಸಿರಿನ ಅಂಕಿ ನೋಡುವ ಪುಟ್ಟ ಯಂತ್ರವನ್ನು ಪೆನಾಂಗಿನಿಂದ ಮಗಳು ಮಯೂರಿ ಕಳಿಸಿಕೊಟ್ಟಳು. ತಾನೇ ಬರಲು ಅವಳಿಗೆ ರಾಜ್ಯ ದಾಟುವ ಪರವಾನಗಿ ಇರಲಿಲ್ಲ. ತೊಂಬತ್ತೈದಕ್ಕಿಂತ ಇಳಿದರೆ ತಕ್ಷಣ ಫೋನು ಮಾಡಿ ಎಂದು ಕ್ಲಿನಿಕ್ಕಿನವರು ಎರಡೆರಡು ಸಲ ಹೇಳಿದ್ದರು.

ಫೋನು ಮಾಡಿದರೆ ಏನಾಗುತ್ತದೆ ಎಂಬುದು ಆ ಕಟ್ಟಡದವರಿಗೆಲ್ಲ ಗೊತ್ತಿತ್ತು. ಎರಡನೆಯ ಮಹಡಿಯ ಚೀನೀ ಮುದುಕ ಬಿಳಿ ಬಟ್ಟೆಯವರ ಜೊತೆ ನಡೆದುಕೊಂಡೇ ಇಳಿದು ಹೋಗಿದ್ದ. ಅವನ ಚಪ್ಪಲಿ ಇನ್ನೂ ಬಾಗಿಲ ಹೊರಗೇ ಇತ್ತು. ಅದನ್ನು ತೆಗೆಯಲು ಅವನ ಮನೆಯವರಿಗೆ ಕೈ ಬಂದಿರಲಿಲ್ಲ.

"ಎಷ್ಟಿದೆ ಈಗ?" ಸರೋಜ ಬಾಗಿಲಿಗೆ ಕೇಳಿದಳು.

"ತೊಂಬತ್ತೇಳು. ಆಲ್ ವೆಲ್ ಆನ್ ಬೋರ್ಡ್," ಒಳಗಿನಿಂದ ಉತ್ತರ ಬಂತು.

ಅದು ಅವನ ಆಫೀಸಿನ ಮಾತು. ಬಂದರಿಗೆ ಬರುವ ಪ್ರತಿ ಹಡಗೂ ಒಳಗೆ ಯಾರಿಗೂ ಕಾಯಿಲೆಯಿಲ್ಲ ಎಂದು ಮೊದಲೇ ಬರೆದು ಕೊಡಬೇಕು. ಒಬ್ಬನಿಗೆ ಜ್ವರ ಎಂದು ಬರೆದರೂ ಸಾಕು, ಹಡಗು ದಂಡೆ ಕಾಣದೆ ಹೊರಗೇ ಲಂಗರು ಹಾಕಿ ದಿನಗಟ್ಟಲೆ ನಿಲ್ಲಬೇಕು. ಮೂವರು ಮಲಗಿದ್ದರೂ 'ಆಲ್ ವೆಲ್' ಎಂದು ಬರೆದ ಒಬ್ಬ ಕ್ಯಾಪ್ಟನ್ನನ ಕತೆಯನ್ನು ಅನಂತಕೃಷ್ಣ ಊಟಕ್ಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಸರೋಜ ಆ ಕತೆಯನ್ನು ನೂರು ಸಲ ಕೇಳಿದ್ದಳು, ನೂರು ಸಲವೂ ಉಪ್ಪಿನಕಾಯಿ ಬಡಿಸುತ್ತ ನಕ್ಕಿದ್ದಳು.

ಎರಡು ದಿನದಿಂದ ಊಟದ ತಟ್ಟೆಗೆ ಬಿಟ್ಟರೆ ಅವನು ಮಂಚ ಬಿಟ್ಟು ಎದ್ದ ಸದ್ದೇ ಇರಲಿಲ್ಲ. ತಟ್ಟೆ ಅರ್ಧಕ್ಕೇ ವಾಪಸ್ ಬರುತ್ತಿತ್ತು. ಹೀಗೇ ಬಿಟ್ಟರೆ ಮನುಷ್ಯ ಮಂಕಾಗಿಬಿಡುತ್ತಾನೆ ಎಂದು ಅವಳಿಗೆ ಭಯ ಹತ್ತಿತು. ಅದಕ್ಕೇ ಈ ಕರಪತ್ರ ಹುಡುಕಿ ತೆಗೆದಿದ್ದು.

"ಏಳ್ರೀ, ಉಗ್ಲಿಚ್ ಬಂತು," ಎಂದಳು.

ಒಳಗೆ ಮಂಚ ಕಿರುಗುಟ್ಟಿತು. "ಏನು ಬಂತು?"

"ಉಗ್ಲಿಚ್ ಕಣ್ರೀ, ಮೊದಲನೇ ಊರು. ಹಡಗು ದಂಡೆಗೆ ಕಟ್ಟಿದಾರೆ. ಎದುರಿಗೇ ಕೆಂಪು ಚರ್ಚು. ಮೇಲೆ ನೀಲಿ ಗುಮ್ಮಟ, ಅದರ ತುಂಬ ಚಿನ್ನದ ನಕ್ಷತ್ರ. ಬೆಳಗಾಗಿದೆ, ಆದ್ರೂ ನಕ್ಷತ್ರ ಹೋಗಿಲ್ಲ ನೋಡಿ."

ಮಂಚ ಇನ್ನೊಮ್ಮೆ ಕಿರುಗುಟ್ಟಿತು. ಆಮೇಲೆ ಅವನೆಂದ, "ಹಡಗು ಕಟ್ಟಿದ ಕೂಡಲೇ ಇಳಿಯೋ ಹಾಗಿಲ್ಲ. ಕ್ಲಿಯರೆನ್ಸ್ ಬರಬೇಕು."

"ಬಂದಾಯ್ತು. ನಾನೇ ಕೊಟ್ಟೆ."

ಅವನು ನಕ್ಕ. ಮೂರು ದಿನದಲ್ಲಿ ಮೊದಲ ನಗು. ಸರೋಜಳಿಗೆ ಕಣ್ಣು ಮಂಜಾಗಿ, ಕರಪತ್ರದ ಚರ್ಚು ಒಂದಿದ್ದದ್ದು ಎರಡಾಯಿತು. ಅವಳು ಎರಡನ್ನೂ ವರ್ಣಿಸಿದಳು.

ಹೀಗೆ ಶುರುವಾದದ್ದು ದಿನಚರಿಯೇ ಆಯಿತು. ಬೆಳಗ್ಗೆ ಹತ್ತಕ್ಕೆ ಕ್ಲಿನಿಕ್ಕಿನ ಹುಡುಗಿಯ ಫೋನು ಬರುತ್ತಿತ್ತು. ಸರೋಜ ಬಾಗಿಲಿಗೆ ಕೇಳಿ, ಬಾಗಿಲು ಹೇಳಿದ ಅಂಕಿಯನ್ನು ಅವಳಿಗೆ ಒಪ್ಪಿಸುತ್ತಿದ್ದಳು. ಮಧ್ಯಾಹ್ನ ಊಟದ ತಟ್ಟೆ ಬಾಗಿಲ ಬುಡಕ್ಕೆ ಇಟ್ಟು ಹಿಂದೆ ಸರಿಯುತ್ತಿದ್ದಳು. ನಾಲ್ಕು ಗಂಟೆಗೆ ದಿನವೂ ಬರುವ ಮಳೆ ಬರುತ್ತಿತ್ತು, ಮಳೆಯ ಜೊತೆ ಹಡಗು ಹೊರಡುತ್ತಿತ್ತು.

ಅವರದು ಪೆಟಾಲಿಂಗ್ ಜಯಾದ ಹಳೆಯ ಫ್ಲ್ಯಾಟು. ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಹಾಲ್‌ನ ಕಿಟಕಿಯಿಂದ ಹೆದ್ದಾರಿ ಕಾಣುತ್ತದೆ. ಹಗಲಿರುಳು ಗದ್ದಲವಿದ್ದ ಆ ರಸ್ತೆಯಲ್ಲಿ ಈಗ ಗಂಟೆಗೊಂದು ಆಂಬ್ಯುಲೆನ್ಸು ಬಿಟ್ಟರೆ ನರಪಿಳ್ಳೆಯಿಲ್ಲ. ಮಳೆ ಬಿದ್ದಾಗ ಅದು ಅಗಲವಾಗಿ, ಬೂದು ಬಣ್ಣವಾಗಿ, ಎಲ್ಲಿಗೋ ಹರಿದು ಹೋಗುವಂತೆ ಕಾಣುತ್ತಿತ್ತು. ನೋಡುತ್ತ ಕೂತರೆ ನೀರು ನಿಂತು ಮನೆಯೇ ಮೆಲ್ಲನೆ ಮುಂದಕ್ಕೆ ಸಾಗುತ್ತಿತ್ತು. ತಲೆಯ ಮೇಲೆ ಫ್ಯಾನು ಇಂಜಿನ್ನಿನ ಸದ್ದು ಮಾಡುತ್ತಿತ್ತು. ಆಚೆ ದಂಡೆಯ ಫ್ಯಾಕ್ಟರಿಗಳ ಚಿಮಣಿಗಳು ಮಳೆಯಲ್ಲಿ ತೆಳ್ಳಗಾಗಿ, ಅವುಗಳ ತುದಿಯಲ್ಲಿ ಒಂದೊಂದು ಬಂಗಾರದ ಗುಮ್ಮಟ ಕೂತುಬಿಟ್ಟರೂ ಸರೋಜ ಆಗ ಆಶ್ಚರ್ಯಪಡುತ್ತಿರಲಿಲ್ಲ.

ಎರಡನೆಯ ಊರು ಯಾರೊಸ್ಲಾವ್ಲ್. ಅಲ್ಲಿ ವೋಲ್ಗಾಕ್ಕೆ ಇನ್ನೊಂದು ನದಿ ಬಂದು ಸೇರುತ್ತದೆ. ಸರೋಜಳಿಗೆ ಸಂಗಮ ಎಂದರೆ ತಿರುಮಕೂಡಲು ಒಂದೇ. ಆದ್ದರಿಂದ ಯಾರೊಸ್ಲಾವ್ಲ್‌ನಲ್ಲಿಯೂ ಹೆಂಗಸರು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಿದ್ದರು, ಎಲೆಯ ಮೇಲೆ ದೀಪ ಬಿಡುತ್ತಿದ್ದರು.

"ರಷ್ಯಾದಲ್ಲಿ ಸೀರೆ ಎಲ್ಲಿಂದ ಬಂತು?" ಒಳಗಿನಿಂದ ತಕರಾರು ಬಂತು.

"ನೋಡ್ತಾ ಇರೋಳು ನಾನಾ ನೀವಾ?"

"ಸರಿ ಲಾ, ನೀನೇ ನೋಡು," ಎಂದು ಅವನು ಇಲ್ಲಿಯವರ ರಾಗ ಎಳೆದ.

"ನಂಬರ್ ಎಷ್ಟು?"

"ತೊಂಬತ್ತೇಳು. ಆಲ್ ವೆಲ್."

ಮೂರನೆಯ ಊರು ಕೊಸ್ಟ್ರೊಮಾ. ಅಲ್ಲಿ ಲಿನನ್ ಬಟ್ಟೆ ಹೆಸರುವಾಸಿ. ಕಮಾನುಗಳ ಕೆಳಗೆ ಉದ್ದಾನುದ್ದ ಅಂಗಡಿ ಸಾಲು, ಮಧ್ಯೆ ಬೆಂಕಿ ಬಿದ್ದರೆ ನೋಡಲೆಂದು ಕಟ್ಟಿದ ಎತ್ತರದ ಗೋಪುರ. ಅವಳು ಅಂಗಡಿ ಅಂಗಡಿ ಹೊಕ್ಕು ಬಟ್ಟೆ ಮುಟ್ಟಿ ನೋಡಿದಳು, ಮಯೂರಿಗೊಂದು ಮೇಜುಹಾಸು ಆರಿಸಿದಳು, ಬಣ್ಣ ಸರಿಯಿಲ್ಲವೆಂದು ವಾಪಸ್ ಇಟ್ಟಳು. ಹೀಗೆ ಅಂಗಡಿಯಲ್ಲಿ ಕಾಲ ಕಳೆದರೆ ಅನಂತಕೃಷ್ಣನಿಗೆ ಮೈ ಉರಿಯುತ್ತದೆ. ಹಡಗು ತಪ್ಪುತ್ತೆ, ಬಾ ಎಂದು ಗದರುತ್ತಾನೆಂದು ಅವಳು ಬೇಕೆಂದೇ ಎಳೆದಳು. ಅವನು ಗದರಲಿಲ್ಲ. "ಹೂಂ" ಎಂದಷ್ಟೇ ಅಂದ. ನಿದ್ದೆ ಬಂದಿರಬೇಕು ಎಂದುಕೊಂಡು ಅವಳು ದನಿ ತಗ್ಗಿಸಿದಳು.

ನಾಲ್ಕನೆಯದು ಪ್ಲ್ಯೋಸ್. ಗುಡ್ಡದ ಮೇಲೆ ನಾಲ್ಕು ಮನೆ, ಒಂದು ಮರದ ಚರ್ಚು, ಬರ್ಚ್ ಮರಗಳು. ಕೆಳಗೆ ದಂಡೆಯಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನಿನ ವಾಸನೆ, ಸರೋಜ ಅಲ್ಲಿ ಸೆರಗು ಮೂಗಿಗೆ ಹಿಡಿದೇ ನಡೆದಳು. ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಬೆಂಚಿನ ಮೇಲೆ ಕೂತು ನದಿ ನೋಡುವುದು. ಅವಳು ಬಾಗಿಲಿಗೆ ಒರಗಿ ಕೂತಳು. ಒಳಗಡೆ ಅವನೂ ಬಾಗಿಲ ಹತ್ತಿರ ಬಂದು ಕೂತ ಸದ್ದಾಯಿತು. ಒಂದೂವರೆ ಇಂಚಿನ ಹಲಗೆಯ ಆಚೆ ಈಚೆ ಇಬ್ಬರ ಬೆನ್ನು. ಮಳೆ ನಿಂತ ಮೇಲೂ ಕಿಟಕಿಯ ಸರಳಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಸಂಜೆಯ ಬೆಳಕು ಖಾಲಿ ಹೆದ್ದಾರಿಯ ಮೇಲೆ ಹಳದಿಯಾಗಿ ಬಿದ್ದು, ಉದ್ದಕ್ಕೂ ನೀರೇ ಕಂಡಿತು.

ಸರೋಜಳಿಗೆ ಜೋಂಪು ಹತ್ತಿತು. ಜೋಂಪಿನಲ್ಲಿ ಮನೆಯ ಕಟ್ಟಡ ಬುಡ ಬಿಟ್ಟು ತೇಲಿ ಹೋಗುತ್ತಿತ್ತು. ಎರಡನೆಯ ಮಹಡಿಯ ಮುದುಕ ಚಪ್ಪಲಿ ಮೆಟ್ಟಿಕೊಂಡು ರೇಲಿಂಗಿಗೆ ಒರಗಿ ನಿಂತಿದ್ದ. ಕೆಳಮಹಡಿಯ ತಮಿಳಿನವ ದೇವೇಂದ್ರನ್ ಎಲ್ಲರಿಗೂ ಚಹಾ ಹಂಚುತ್ತಿದ್ದ. ದಂಡೆಯ ಮೇಲೆ ಬರ್ಚ್ ಮರಗಳ ನಡುವೆ ಯಾರೋ ಕೈ ಬೀಸುತ್ತಿದ್ದರು. ಅವಳಿಗೆ ಅಲ್ಲಿಗೆ ಹೋಗಬೇಕೆಂದು ಆಸೆಯಾಯಿತು, ನಿಜವಾಗಿಯೂ ಆಸೆಯಾಯಿತು. ಇಷ್ಟು ವರ್ಷ ಈ ಮನುಷ್ಯ ಕರೆದಲ್ಲಿಗೆಲ್ಲ ಗೊಣಗಿಕೊಂಡೇ ಹೋದೆನಲ್ಲ ಎಂದು ಎಚ್ಚರವಾದಾಗ ನಾಚಿಕೆಯೆನಿಸಿತು.

"ರೀ, ಇದೆಲ್ಲ ಮುಗಿದ ಮೇಲೆ ನಾವು ಹೋಗೇ ಹೋಗೋಣ," ಎಂದಳು.

"ಹೂಂ," ಎಂದ ಅವನು. ಬಹಳ ಹೊತ್ತಿನ ಮೇಲೆ ಸೇರಿಸಿದ, "ತೊಂಬತ್ತೇಳು." ಅವಳು ಕೇಳಿರಲೇ ಇಲ್ಲ.

ಮರುದಿನ ನಿಜ್ನಿ ನೊವ್ಗೊರೊದ್. ಮೆಟ್ಟಿಲುಗಳ ಊರು. ಕ್ಲಿನಿಕ್ಕಿನ ಹುಡುಗಿಗೆ ತೊಂಬತ್ತೇಳು ಎಂದು ಹೇಳಿ ಫೋನಿಟ್ಟ ಕೂಡಲೇ ಸರೋಜ ಸ್ಟೂಲೆಳೆದಳು. ಈ ದಿನಕ್ಕಾಗಿ ಅವಳು ಕಾದಿದ್ದಳು.

"ಹಡಗು ಕೆಳಗಡೆ ನಿಂತಿದೆ. ತಲೆ ಎತ್ತಿ ನೋಡಿ, ಎಷ್ಟು ಎತ್ತರ. ಮೇಲೆ ಕೆಂಪು ಕೋಟೆ. ಮೆಟ್ಟಿಲು ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು ಹೋಗಿದೆ. ನಾನು ಭರಣಿ ತಗೊಂಡಿದೀನಿ. ನೀವು ಎಣಿಸಿ, ನಾನು ಕುಂಕುಮ ಇಡ್ತಾ ಬರ್ತೀನಿ."

"ಇವತ್ತು ಬೇಡ ಕಣೇ."

"ಬೇಡ ಅಂದ್ರೆ? ಎರಡು ವರ್ಷದಿಂದ ಇದೇ ಹೇಳ್ತಿದ್ರಿ. ಹ್ಞಾಂ, ಎಣಿಸಿ."

ಅವನು ಎಣಿಸತೊಡಗಿದ. ಒಂದು, ಎರಡು, ಮೂರು. ಬೆಟ್ಟದ ಮೇಲೆ ಆ ದನಿ ಹೇಗಿರುತ್ತಿತ್ತೆಂದರೆ ಮುಂದಿನವರೂ ಹಿಂದಿನವರೂ ಅದಕ್ಕೇ ಹೆಜ್ಜೆ ಹಾಕುತ್ತಿದ್ದರು. ಸರೋಜ ಕಣ್ಣು ಮುಚ್ಚಿ, ಬೆರಳಿನಿಂದ ನೆಲದ ಟೈಲಿಗೆ ಒಂದೊಂದೇ ಬೊಟ್ಟು ಇಡುತ್ತ ಹೋದಳು. ಹನ್ನೊಂದರ ಬಳಿ ಒಂದು ಬಿಡುವು ಬಂತು. ಅವಳ ಬೆರಳು ಕಾಯಿತು. ಹನ್ನೆರಡು ಬಂತು, ಹದಿಮೂರು ಬಂತು. ಹದಿನೇಳಾದ ಮೇಲೆ ಬಿಡುವು ಉದ್ದವಾಯಿತು. ಹತ್ತೊಂಬತ್ತು, ಇಪ್ಪತ್ತು ಒಂದೊಂದೂ ಬೇರೆ ಬೇರೆ ಉಸಿರಿನಲ್ಲಿ ಬಂದವು.

"ಇಪ್ಪತ್ಮೂರು," ಎಂದ ಅನಂತಕೃಷ್ಣ. ಆಮೇಲೆ ಏನೂ ಬರಲಿಲ್ಲ. ಅವಳ ಬೆರಳು ಟೈಲಿನ ಮೇಲೆ ನಿಂತೇ ಇತ್ತು.

"ನೀನು ಹತ್ಕೊಂಡು ಹೋಗು, ಸರೋಜ," ಕೊನೆಗೆ ಅವನೆಂದ. "ನಾನು... ಇಲ್ಲೇ ಕೆಳಗೆ ಕೂತಿರ್ತೀನಿ."

ಸರೋಜ ಟೈಲಿನಿಂದ ಬೆರಳೆತ್ತಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಯಾವ ಮೆಟ್ಟಿಲಿನ ಕೆಳಗೂ ಕೂತಿರಲಿಲ್ಲ. ಮಂಡಿನೋವಿದ್ದಾಗಲೂ ಬಟು ಗುಹೆಯ ದೇವಸ್ಥಾನದ ಇನ್ನೂರ ಎಪ್ಪತ್ತೆರಡು ಮೆಟ್ಟಿಲನ್ನು ಎಣಿಸಿಯೇ ಹತ್ತಿದವನು. ಮಂಚದ ಮೇಲೆ ಮಲಗಿಕೊಂಡು, ಕಾಲೆತ್ತದೆ, ಬರೀ ಬಾಯಿಮಾತಿನ ಮೆಟ್ಟಿಲು ಹತ್ತಲು ಅವನಿಗೆ ಉಸಿರು ಸಾಲುತ್ತಿಲ್ಲ.

"ನಂಬರ್ ಎಷ್ಟು?"

"ತೊಂಬತ್ತೇಳು."

"ಬಾಗಿಲು ತೆಗೀರಿ. ಅಲ್ಲಿಂದ್ಲೇ ಯಂತ್ರ ತೋರ್ಸಿ."

"ನಿಂಗೆ ಅಂಟುತ್ತೆ ಕಣೇ. ಬೇಡ."

"ಆ ಕ್ಯಾಪ್ಟನ್ ಥರ ಮಾತಾಡ್ಬೇಡಿ ನನ್ ಹತ್ರ."

ಫ್ಯಾನು ತಿರುಗುತ್ತಿತ್ತು. ಅವಳಿಗೆ ಎಲ್ಲ ಅರ್ಥವಾಗಿ ಹೋಯಿತು, ಅರ್ಥವಾದ ಕೂಡಲೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಗಂಡ ದಿನವೂ ಸುಳ್ಳು ಪತ್ರ ಬರೆದುಕೊಟ್ಟಿದ್ದ, ಅದನ್ನು ದಿನವೂ ಬೆಳಗ್ಗೆ ಹತ್ತಕ್ಕೆ ಅಧಿಕಾರಿಗೆ ತಲುಪಿಸಿದವಳು ತಾನೇ.

"ಕರ್ಕೊಂಡು ಹೋಗ್ತಾರೆ ಸರೋಜ," ಒಳಗಿನ ದನಿ ತೀರ ಚಿಕ್ಕದಾಗಿತ್ತು. "ಹೋದವರು... ಅವನ ಚಪ್ಪಲಿ ನೋಡಿದೀಯಲ್ಲ. ನಿನ್ನ ಮಾತು ಕೇಳ್ಕೊಂಡು ಇಲ್ಲೇ ಇರ್ತೀನಿ. ಊರು ಇನ್ನೊಂದು ಬಾಕಿ ಇದೆ."

ಸರೋಜ ಬಾಗಿಲಿಗೆ ಹಣೆ ಹಚ್ಚಿದಳು. ಫೋನು ಮಾಡಿದರೆ ತಾನೇ ಕೈಯಾರೆ ಕಳಿಸಿದಂತೆ. ಮಾಡದಿದ್ದರೆ ಈ ಹಲಗೆಯ ಆಚೆ, ತನ್ನ ಕತೆ ಕೇಳುತ್ತ ಕೇಳುತ್ತಲೇ ಅವನು ಮುಗಿದುಹೋಗಬಹುದು. ಅವಳಿಗೂ ಆ ಚಪ್ಪಲಿಯ ಭಯ ಅವನಷ್ಟೇ ಇತ್ತು. ಎಷ್ಟು ಹೊತ್ತು ಹಾಗೆ ನಿಂತಳೋ, ಬಾಗಿಲ ಆಚೆ ಅವನ ಉಸಿರು ಎಳೆಯುವುದು ಕೇಳುತ್ತಲೇ ಇತ್ತು. ಆ ಸದ್ದೇ ಕೊನೆಗೆ ಅವಳನ್ನು ಫೋನಿನ ಬಳಿಗೆ ದೂಡಿತು.

ಬಿಳಿ ಬಟ್ಟೆಯ ಇಬ್ಬರು ಮಧ್ಯಾಹ್ನ ಎರಡಕ್ಕೆ ಬಂದರು. ಲಿಫ್ಟಿಲ್ಲದ್ದಕ್ಕೆ ಗಾಲಿಯಿಲ್ಲದ ಒಂದು ಕುರ್ಚಿ ತಂದಿದ್ದರು. ಸರೋಜ ಅಡಿಗೆಮನೆಯ ಬಾಗಿಲಿನಿಂದ ಆಚೆ ಬರಕೂಡದೆಂದು ಹೇಳಿದರು. ಏಳು ದಿನದ ಮೇಲೆ ಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಗಡ್ಡ ಬೆಳೆದಿತ್ತು, ಬನಿಯನ್ನು ಮೈಮೇಲೆ ದೊಡ್ಡದಾಗಿತ್ತು. ಕುರ್ಚಿಯಲ್ಲಿ ಕೂತ ಮೇಲೆ ಅವನು ಅವಳ ಕಡೆ ನೋಡಿದ.

"ಹಡಗನ್ನ ಹಿಡಿದು ಕೊಟ್ಟುಬಿಟ್ಟೆಯಲ್ಲೇ," ಎಂದ.

ಅವರು ಹೊಸ್ತಿಲು ದಾಟುವಾಗ ಅವಳು, "ಕೊನೇ ಊರು ಕಜಾನ್ ನೀವು ವಾಪಸ್ ಬಂದ ಮೇಲೇನೇ. ಅಲ್ಲೀವರೆಗೂ ಹೇಳಲ್ಲ," ಎಂದು ಕೂಗಿದಳು. ಕುರ್ಚಿ ಇಳಿಯುವ ಸದ್ದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಕೆಳಗೆ ಹೋಯಿತು. ಅವನು ಎಣಿಸುತ್ತಿದ್ದಾನೇನೋ ಎಂದು ಅವಳು ಕಿವಿಗೊಟ್ಟಳು. ಇಲ್ಲ, ಎಣಿಸುತ್ತಿರಲಿಲ್ಲ.

ಮರುದಿನ ಕಿಟಕಿಗಳನ್ನೆಲ್ಲ ತೆರೆದು ಕೋಣೆ ಒರೆಸುವಾಗ ದಿಂಬಿನ ಕೆಳಗೆ ಆಫೀಸಿನ ಹಳೆಯ ಪ್ಯಾಡು ಸಿಕ್ಕಿತು. ಗುಂಡು ಅಕ್ಷರದಲ್ಲಿ, ರೂಲು ಎಳೆದು, ಊರಿನ ಹೆಸರಿನ ಮುಂದೆ ಅಂಕಿ ಬರೆದಿತ್ತು. ಉಗ್ಲಿಚ್, ತೊಂಬತ್ತೇಳು. ಯಾರೊಸ್ಲಾವ್ಲ್, ತೊಂಬತ್ತಾರು. ಕೊಸ್ಟ್ರೊಮಾ, ತೊಂಬತ್ನಾಲ್ಕು. ಪ್ಲ್ಯೋಸ್, ತೊಂಬತ್ತೆರಡು. ನಿಜ್ನಿ ನೊವ್ಗೊರೊದ್, ಎಂಬತ್ತೊಂಬತ್ತು. ಬಾಯಲ್ಲಿ ಸುಳ್ಳು ಹೇಳಿದ ಮನುಷ್ಯನಿಗೆ ಕಾಗದದ ಮೇಲೆ ತಪ್ಪು ಬರೆಯಲು ಆಗಿರಲಿಲ್ಲ. ಸರೋಜ ಮಂಚದ ಮೇಲೆ ಕೂತು ಅವನನ್ನು ಬಾಯಿಗೆ ಬಂದಂತೆ ಬೈದಳು, ಬೈಯುತ್ತ ಬೈಯುತ್ತ ಅತ್ತಳು. ಆಮೇಲೆ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು, ವರ್ಷದ ಮೇಲಾದ ಮೇಲೆ ಅದರ ಬೀಗ ತೆಗೆದಳು.

ಆಸ್ಪತ್ರೆಯಲ್ಲಿ ಹದಿನಾರು ದಿನ. ಮೂಗಿಗೆ ಆಮ್ಲಜನಕ ಹಾಕಿದ್ದಾರೆ, ಮಾತಾಡುವ ಹಾಗಿಲ್ಲ ಎಂದರು. ಸಂಜೆ ನಾಲ್ಕಕ್ಕೆ ಒಬ್ಬ ನರ್ಸ್ ಅವನ ಕಿವಿಗೆ ಫೋನು ಹಿಡಿಯುತ್ತಿದ್ದಳು, ಒಂದೇ ಒಂದು ನಿಮಿಷ. ಮಳೆ ಬರ್ತಿದೆ, ಹಡಗು ಇನ್ನೂ ದಂಡೇಲೇ ಇದೆ, ನಿಮಗೋಸ್ಕರ ನಿಲ್ಲಿಸಿದಾರೆ ಎಂದು ಸರೋಜ ಹೇಳುತ್ತಿದ್ದಳು. ಆಚೆಯಿಂದ ಯಂತ್ರದ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅವನಿಗೆ ತನ್ನ ಮೇಲೆ ಸಿಟ್ಟು ಇಳಿದಿದೆಯೋ ಇಲ್ಲವೋ ತಿಳಿಯದೆ ಅವಳು ದಿನಾ ಒದ್ದಾಡಿದಳು. "ಅಮ್ಮಾ, ಯು ಡಿಡ್ ದ ರೈಟ್ ಥಿಂಗ್," ಎಂದು ಮಯೂರಿ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಅದು ಇಂಗ್ಲಿಷಿನಲ್ಲಿ ಸುಲಭವಾಗಿ ಕೇಳಿಸುತ್ತಿತ್ತು, ಎದೆಯಲ್ಲಿ ಇಳಿಯುತ್ತಿರಲಿಲ್ಲ.

ಹದಿನೇಳನೆಯ ದಿನ ದೇವೇಂದ್ರನ್ ತನ್ನ ಕಾರಿನಲ್ಲಿ ಅವನನ್ನು ಕರೆತಂದ. ಸರೋಜ ಕೆಳಗೆ ಇಳಿದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಸೆರಗಿನಲ್ಲಿ ಪೆಟ್ಟಿಗೆಯಿಂದ ತೆಗೆದ ಕುಂಕುಮದ ಭರಣಿ ಇತ್ತು. ಕಾರಿನಿಂದ ಇಳಿದವನು ಅರ್ಧ ಆಳಾಗಿದ್ದ, ಅಂಗಿಯ ತೋಳಿನಲ್ಲಿ ಕೈ ಹುಡುಕಬೇಕಾಗಿತ್ತು.

"ಅಕ್ಕಾ, ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗೋಣ. ನಾಲ್ಕು ಮಹಡಿ ಆಗಲ್ಲ," ಎಂದು ದೇವೇಂದ್ರನ್ ತಮಿಳಿನಲ್ಲಿ ಹೇಳಿದ.

ಅನಂತಕೃಷ್ಣ ಬೇಡವೆಂದು ಕೈಯಾಡಿಸಿದ. ಅವಳ ಮುಖ ನೋಡಲಿಲ್ಲ. ರೇಲಿಂಗು ಹಿಡಿದು ಮೆಟ್ಟಿಲುಗಳ ಕಡೆಗೇ ನೋಡುತ್ತ ನಿಂತ. ಸರೋಜ ಸೆರಗಿನೊಳಗೆ ಭರಣಿಯನ್ನು ಬಿಗಿಯಾಗಿ ಹಿಡಿದಳು. ಇನ್ನೂ ಸಿಟ್ಟೇ ಇದೆ ಎಂದುಕೊಂಡಳು, ಇದ್ದರೆ ಇರಲಿ, ಸಿಟ್ಟು ಮಾಡಲಾದರೂ ಬಂದನಲ್ಲ ಎಂದುಕೊಂಡಳು. ಅವನು ಮೆಲ್ಲನೆ ಕಾಲೆತ್ತಿ ಮೊದಲನೆಯ ಮೆಟ್ಟಿಲಿನ ಮೇಲೆ ಇಟ್ಟ. ಮಾಸ್ಕಿನೊಳಗೆ ಉಸಿರು ತುಂಬಿಕೊಂಡ.

"ಇಪ್ಪತ್ನಾಲ್ಕು," ಎಂದ.

ಸರೋಜ ಭರಣಿಯ ಮುಚ್ಚಳ ತೆಗೆದು, ಬಗ್ಗಿ, ಅವನ ಕಾಲಿನ ಪಕ್ಕ ಕುಂಕುಮ ಇಟ್ಟಳು.